ಬಾಬು ಜಾನ್ ಮೇಲೆ ಬಿದ್ದ ಬೀಗ

ಮದ್ದೂರಿನ ರಾಜೇಂದ್ರಣ್ಣನ ಕಲ್ಯಾಣ ಮಂಟಪಕ್ಕೆ ಒಂದೇ ಬೆಳಗ್ಗೆ ಇಬ್ಬರು ಗಂಡುಗಳು ವಾಲಗದ ಸಮೇತ ಬಂದಿಳಿದ ಮೇಲೆ ಅವನಿಗೆ ಕಂಪ್ಯೂಟರಿನ ಮೇಲೆ ಭಕ್ತಿ ಹುಟ್ಟಿತು. ಒಬ್ಬರಿಗೆ ಅವನು ಹೂಂ ಅಂದಿದ್ದ. ಇನ್ನೊಬ್ಬರಿಗೆ, ಅವನು ಊಟಕ್ಕೆ ಹೋಗಿದ್ದಾಗ, ಅವನ ತಾಯಿ ಚಿಕ್ಕಬೋರಮ್ಮ ಹೂಂ ಅಂದಿದ್ದರು. ಇಬ್ಬರ ಮಾತೂ ಸುಳ್ಳಲ್ಲ, ಕೇಳಿದ ಹೊತ್ತಿನಲ್ಲಿ ಮಂಟಪ ಖಾಲಿಯೇ ಇತ್ತು. ಎರಡೂ ಕಡೆಯ ವಾಲಗದವರು ಬಾಗಿಲಲ್ಲಿ ಎದುರುಬದುರು ನಿಂತು ಹಟಕ್ಕೆ ಊದಿದ್ದನ್ನು ಮದ್ದೂರಿನ ಜನ ಇನ್ನೂ ನೆನೆಸಿಕೊಂಡು ನಗುತ್ತಾರೆ. ಆ ನಗು ನಿಲ್ಲುವ ಮೊದಲೇ ರಾಜೇಂದ್ರಣ್ಣ ಮಂಡ್ಯದ ನೂರಡಿ ರಸ್ತೆಯ ನಮ್ಮ ಅಂಗಡಿಯ ಮಹಡಿ ಹತ್ತಿ ಬಂದು, ತನಗೊಂದು ಸಾಫ್ಟ್‌ವೇರ್ ಬೇಕು ಎಂದ.

ನಾವು ಹಾಲಿನ ಡೈರಿಗೆ, ಅಕ್ಕಿ ಗಿರಣಿಗೆ, ಬಟ್ಟೆ ಅಂಗಡಿಗೆ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಅಂಗಡಿ. ಬರೆಯುವವಳು ನಾನು, ಅರ್ಪಿತ. ಬಸರಾಳಿನಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತೇನೆ, ಹೋಗುವಾಗ ನಿಂತುಕೊಂಡು, ಬರುವಾಗಲೂ ನಿಂತುಕೊಂಡು. ಆದ್ದರಿಂದ ಜಾಗ ಹಿಡಿಯುವುದು ಎಂದರೇನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ರಾಜೇಂದ್ರಣ್ಣನಿಗೆ ಬಿಡಿಸಿ ಹೇಳಿದೆ. ಒಂದೊಂದು ತಾರೀಖೂ ಒಂದೊಂದು ಸಾಲು. ಯಾರಾದರೂ ಒಂದು ತಾರೀಖನ್ನು ಕೈಗೆತ್ತಿಕೊಂಡರೆ ಆ ಸಾಲಿಗೆ ಮಾತ್ರ ಬೀಗ ಬೀಳುತ್ತದೆ, ಪಕ್ಕದ ಸಾಲಿನಲ್ಲಿ ಬೇರೆಯವರು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಳ್ಳಬಹುದು. ಬೀಗ ಬಿದ್ದ ಸಾಲನ್ನು ಉಳಿದವರು ನೋಡಬಹುದು, ಮುಟ್ಟುವ ಹಾಗಿಲ್ಲ. ನೋಡಿದರೂ ಅವರಿಗೆ ಕಾಣುವುದು ಹಳೆಯ ಸ್ಥಿತಿಯೇ. ಹಿಡಿದವನು ‘ಸೇವ್’ ಒತ್ತಿದರೆ ತಾರೀಖು ಅವನದು, ‘ಕ್ಯಾನ್ಸಲ್’ ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ಎಲ್ಲವೂ ಮೊದಲಿನ ಹಾಗೆ. ಅರ್ಧಂಬರ್ಧ ಎನ್ನುವುದು ಇಲ್ಲವೇ ಇಲ್ಲ. ರಾಜೇಂದ್ರಣ್ಣ ತಲೆಯಾಡಿಸಿ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವಲು ಹಾಕಿದ ಹಾಗೆ ಎಂದ. ಹೌದು ಎಂದೆ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಆದರೆ ಟವಲು ಹಾಕಿದವನು ಬಸ್ಸು ಹತ್ತಲೇಬೇಕಲ್ಲ. ಹಿಡಿದವನು ಹತ್ತು ನಿಮಿಷ ಸುಮ್ಮನಿದ್ದರೆ ಬೀಗ ತಾನಾಗಿ ಬಿಚ್ಚಿಕೊಳ್ಳಲಿ ಎಂದು ನಾನು ಬರೆದಿದ್ದೆ. ಅದನ್ನು ಕೇಳಿ ರಾಜೇಂದ್ರಣ್ಣ ನನ್ನನ್ನು ಮರುಕದಿಂದ ನೋಡಿದ.

“ಹತ್ತು ನಿಮಿಸ್ದಲ್ಲಿ ಯಾವ ಮದ್ವೆ ಕುದುರ್ತದವ್ವ? ಜನ ಮನೆದೇವ್ರ ತಾವ ಓಗಿ ಊವ ಕೇಳ್ಕಂಡ್ ಬರ್ಬೇಕು. ಅಮ್ಮ ಕೊಡೋಗಂಟ ಕಾಯ್ಬೇಕು.”

ನಮ್ಮ ಕಡೆ ಹಾಗೆಯೇ. ಪೂಜಾರಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಕೆಲವು ದೇವರು ಕೇಳಿದ ಕೂಡಲೇ ಕೊಡುತ್ತವೆ, ಕೆಲವು ಮಧ್ಯಾಹ್ನದ ತನಕ ಕೂರಿಸುತ್ತವೆ, ಕೆಲವು ಮುಂದಿನ ಸೋಮವಾರ ಬಾ ಎನ್ನುತ್ತವೆ. ದೇವರಿಗೆ ಗಡುವು ಹಾಕುವಷ್ಟು ದೊಡ್ಡವಳು ನಾನಲ್ಲ, ಅದೂ ಆ ಸಂಬಳಕ್ಕೆ. ಗಡುವನ್ನು ಕಿತ್ತುಹಾಕಿದೆ. ಡೇಟಾಬೇಸಿಗೆ ತನ್ನದೇ ಬೀಗಗಳಿರುತ್ತವೆ, ಆದರೆ ಅವು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸಕ್ಕೆ. ವಾರಗಟ್ಟಲೆ ಹಿಡಿದಿಟ್ಟರೆ ಇಡೀ ಯಂತ್ರ ಏದುಸಿರು ಬಿಡುತ್ತದೆ. ಹಾಗಾಗಿ ಹೂ ಬೀಳುವ ತನಕ ತಾಳುವಂಥ ಬೀಗವೊಂದನ್ನು ನಾನೇ ಬೇರೆ ಕಟ್ಟಿಕೊಟ್ಟೆ. ಗಟ್ಟಿಯಾಗಿಯೇ ಕಟ್ಟಿದೆ.

ಮಂಟಪದ ಜೊತೆಗೆ ಅಡುಗೆಯವರನ್ನೂ ಸೇರಿಸು ಎಂದ ರಾಜೇಂದ್ರಣ್ಣ. ಅಡುಗೆಯವರು ಎಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಗೆ ಜನರ ಬಾಯಲ್ಲಿ ಒಬ್ಬರೇ, ಮಳವಳ್ಳಿಯ ಬಾಬು ಜಾನ್. ನಮ್ಮ ಸೀಮೆಯಲ್ಲಿ ಮದುವೆ ಎಂದರೆ ಧಾರೆಯಲ್ಲ, ಮಾರನೆಯ ದಿನದ ಬೀಗರೂಟ. ತಾಳಿ ಕಟ್ಟುವ ಗಳಿಗೆ ಸ್ವಲ್ಪ ಹಿಂದುಮುಂದಾದರೆ ಜನ ಕ್ಷಮಿಸುತ್ತಾರೆ, ಬಾಡಿನ ಸಾರು ನೀರಾದರೆ ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ಳುತ್ತಾರೆ. ಮಂಟಪದೊಳಗೆ ಮಾಂಸಾಹಾರ ನಿಷಿದ್ಧ ಎಂದು ದೊಡ್ಡ ಬೋರ್ಡು ಇದೆ, ಅದರ ಬೆನ್ನಿಗೇ ಒಂದು ತಗಡಿನ ಶೆಡ್ಡೂ ಇದೆ. ಶೆಡ್ಡು ಮಂಟಪದ ಲೆಕ್ಕಕ್ಕೆ ಬರುವುದಿಲ್ಲ. ಬಾಬು ಜಾನ್ ಅವರ ಮಗ ನವೀದ್ ಮಳವಳ್ಳಿಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ. ಅವನ ಅಂಗಡಿಯಲ್ಲೂ ಒಂದು ಕಂಪ್ಯೂಟರ್ ಇಟ್ಟೆವು. ಮದ್ದೂರಿನಲ್ಲಿ ಮಂಟಪ ಹಿಡಿಯಬಹುದು, ಮಳವಳ್ಳಿಯಲ್ಲಿ ಬಾಬು ಜಾನ್ ಅವರನ್ನು ಹಿಡಿಯಬಹುದು. ಆಮೇಲೆ ವಾಲಗ, ಹೂವು, ಬಸ್ಸು ಎಂದು ಮದುವೆಗೆ ಬೇಕಾದ ಉಳಿದವಕ್ಕೂ ಸಾಲು ಸೇರಿಸಿದೆ. ಎಲ್ಲರೂ ನನ್ನನ್ನು ಹೊಗಳಿದರು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ಈ ವರ್ಷ ನನ್ನ ಮದುವೆ ಗೊತ್ತಾಯಿತು.

ಗಂಡು ಪೂರಿಗಾಲಿಯ ಶಶಿಧರ್. ಬೇಸಾಯ ಮಾಡುತ್ತಾನೆ. ಹುಡುಗ ಬೇಸಾಯದವನು ಎಂದರೆ ನಮ್ಮ ಕಡೆ ಹೆಣ್ಣಿನವರು ಕಾಫಿ ಬರುವ ಮೊದಲೇ ಎದ್ದು ಚಪ್ಪಲಿ ಹುಡುಕುತ್ತಾರೆ. ಅವನಿಗೆ ಹಿಂದೆ ಎರಡು ಸಂಬಂಧ ಒಪ್ಪಿಗೆಯಾಗಿದ್ದವು. ಎರಡೂ ಸಲ ಆಷಾಢ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು, ಎರಡೂ ಸಲ ಆಷಾಢ ಕಳೆಯುವಷ್ಟರಲ್ಲಿ ಹೆಣ್ಣಿನವರಿಗೆ ಸಂಬಳದ ಗಂಡು ಸಿಕ್ಕಿದ್ದ. ಅದಕ್ಕೆ ಅವನ ತಾಯಿ ಸಣ್ಣತಾಯಮ್ಮ ಈ ಸಲ ಒಂದೇ ಮಾತು ಹಿಡಿದಿದ್ದರು: ಆಷಾಢ ಹುಟ್ಟುವ ಮೊದಲು ತಾಳಿ ಬೀಳಬೇಕು, ಇಲ್ಲದಿದ್ದರೆ ಈ ಸಂಬಂಧದ ಆಸೆಯನ್ನು ತಾನೇ ಬಿಟ್ಟುಬಿಡುವುದು, ಮೂರನೇ ಸಲ ಮಗನ ಸಪ್ಪೆ ಮುಖ ನೋಡಲು ತನ್ನಿಂದಾಗದು. ನನಗೋ ಅವನು ಬೇಕಾಗಿತ್ತು. ಸುತ್ತಿ ಬಳಸಿ ಹೇಳುವುದೇಕೆ? ನೋಡಲು ಬಂದ ಗಂಡುಗಳಲ್ಲಿ ಸಂಬಳ ಎಷ್ಟು ಎಂದು ಕೇಳದೆ ಕೆಲಸ ಏನು ಎಂದು ಕೇಳಿದವನು ಅವನೊಬ್ಬನೇ. ಹೇಳಿದೆ. ನಾಲೆ ನೀರಿನ ಸರದಿ ಇದ್ದ ಹಾಗೆ ಅಲ್ಲವಾ, ಒಬ್ಬನ ತೂಬು ಮುಚ್ಚುವ ತನಕ ಇನ್ನೊಬ್ಬ ಕಾಯಬೇಕು ಎಂದ. ಅವತ್ತೇ ನಾನು ಮನಸ್ಸಿನಲ್ಲಿ ಸೇವ್ ಒತ್ತಿಬಿಟ್ಟೆ.

ಆಷಾಢಕ್ಕೆ ಮೊದಲು ಉಳಿದಿದ್ದ ಒಳ್ಳೆಯ ಲಗ್ನ ಒಂದೇ. ಭಾನುವಾರ ಧಾರೆ, ಸೋಮವಾರ ಬೀಗರೂಟ. ಉಳಿದ ಮಂಟಪಗಳೆಲ್ಲ ಯಾವತ್ತೋ ಹೋಗಿದ್ದವು, ರಾಜೇಂದ್ರಣ್ಣನದು ಖಾಲಿ ಎಂದು ನನ್ನ ಸಾಫ್ಟ್‌ವೇರೇ ತೋರಿಸುತ್ತಿತ್ತು. ನಮ್ಮಪ್ಪ ಜಯಪ್ರಕಾಶ್ ಕರೆಂಟು ಆಫೀಸಿನಲ್ಲಿ ಗುಮಾಸ್ತ. ಮೊದಲು ಮದ್ದೂರಿಗೆ ಹೋಗಿ ಮಂಟಪ ಹಿಡಿ ಎಂದು ನಾನು ಹೇಳಿದೆ. ಮೊದಲು ಮಳವಳ್ಳಿಗೆ ಹೋಗಿ ಬಾಬು ಜಾನ್ ಅವರನ್ನು ಹಿಡಿ ಎಂದು ನಮ್ಮಜ್ಜಿ ಬೆಟ್ಟಮ್ಮ ಹೇಳಿದರು. ಅಪ್ಪ ತಾಯಿಯ ಮಾತು ಮೀರಿದವನಲ್ಲ. ನವೀದನ ಅಂಗಡಿಯಲ್ಲಿ ಕೂತು ಬಾಬು ಜಾನ್ ಅವರ ಸೋಮವಾರಕ್ಕೆ ಬೀಗ ಹಾಕಿಸಿದ, ನವೀದನ ಜೊತೆ ಮುಕ್ಕಾಲು ಗಂಟೆ ಹರಟಿ ಆಮೇಲೆ ಮಂಟಪದ ಭಾನುವಾರವನ್ನು ಕೇಳಿದ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಕೆಳಗೆ ‘ದಯವಿಟ್ಟು ಕಾಯಿರಿ’ ಎಂದು ಬರೆದಿತ್ತು. ದಯವಿಟ್ಟು ಎಂಬುದನ್ನು ನಾನೇ ಸೇರಿಸಿದ್ದೆ.

ಮಂಟಪ ಹಿಡಿದು ಕೂತಿದ್ದವರು ವೈದ್ಯನಾಥಪುರದ ಮರಿಸಿದ್ದಯ್ಯ. ಮದ್ದೂರಿನಲ್ಲಿ ಎಳನೀರು ವ್ಯಾಪಾರ, ಮಗಳು ದೀಪಿಕಳ ಮದುವೆ, ಅದೇ ಲಗ್ನ. ಅವರು ಮದ್ದೂರಿನ ಕಂಪ್ಯೂಟರಿನಲ್ಲಿ ಮಂಟಪಕ್ಕೆ ಬೀಗ ಹಾಕಿಸಿ, ಬಾಬು ಜಾನ್ ಅವರನ್ನು ಕೇಳಿದ್ದರು. ಅವರ ಮುಂದೆಯೂ ಅದೇ ಚಕ್ರ ತಿರುಗುತ್ತಿತ್ತು. ನಮಗೆ ಮಂಟಪ ಸಿಗಬೇಕಾದರೆ ಅವರು ಮುಗಿಸಬೇಕು, ಅವರು ಮುಗಿಸಬೇಕಾದರೆ ಬಾಬು ಜಾನ್ ಸಿಗಬೇಕು, ಬಾಬು ಜಾನ್ ಸಿಗಬೇಕಾದರೆ ನಾವು ಮುಗಿಸಬೇಕು. ಇಂಥ ಕಗ್ಗಂಟು ಬಿದ್ದರೆ ಡೇಟಾಬೇಸ್ ತನ್ನ ಬೀಗಗಳಲ್ಲಿ ಅದನ್ನು ತಾನೇ ಕಂಡುಹಿಡಿದು, ಇಬ್ಬರಲ್ಲಿ ಒಬ್ಬರನ್ನು ಬಲಿಕೊಟ್ಟು ಇನ್ನೊಬ್ಬರಿಗೆ ದಾರಿ ಬಿಡುತ್ತದೆ. ನಾನು ಕಟ್ಟಿದ ಬೀಗಕ್ಕೆ ಆ ಬುದ್ಧಿ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಕಾಯುವುದೊಂದೇ.

ಒಂದನ್ನಾದರೂ ಉಳಿಸಿಕೊಂಡು ಇನ್ನೊಂದರ ಆಸೆ ಬಿಡಿ ಎಂದರೆ ಇಬ್ಬರು ಹಿರಿಯರೂ ಕೇಳಲಿಲ್ಲ. ಮಂಟಪವಿಲ್ಲದೆ ಊಟ ಹಾಕಿದರೆ ಕರೆಂಟು ಆಫೀಸಿನವರ ಮುಂದೆ ತಲೆ ಎತ್ತುವುದು ಹೇಗೆ ಎಂದು ಅಪ್ಪ. ಬಾಬು ಜಾನ್ ಇಲ್ಲದೆ ಮಂಟಪದಲ್ಲಿ ಏನು ನೊಣ ಹೊಡೆಯಬೇಕಾ ಎಂದು ಮರಿಸಿದ್ದಯ್ಯ. ರಾಜೇಂದ್ರಣ್ಣ ಇಬ್ಬರನ್ನೂ ಮದ್ದೂರಿಗೆ ಕರೆಸಿ, ವಡೆ ಕಾಫಿ ಕೊಟ್ಟು ಎದುರುಬದುರು ಕೂರಿಸಿದ. ಕಾಫಿ ಮುಗಿಯಿತು, ವಡೆ ಮುಗಿಯಿತು, ನಾ ಕೊಡೆ ನೀ ಬಿಡೆ ಮಾತ್ರ ಮುಗಿಯಲಿಲ್ಲ. ಇತ್ತ ಬೇರೆ ಊರಿನವರೆಲ್ಲ ನನಗೆ ಫೋನು ಮಾಡಿ, ಬಾಬು ಜಾನ್ ಖಾಲಿ ಎಂದು ತೋರಿಸುತ್ತದೆ, ಒತ್ತಿದರೆ ಕೊಡುವುದಿಲ್ಲ ಎನ್ನುತ್ತದೆ, ಇದೆಂಥ ಸಾಫ್ಟ್‌ವೇರು ಎಂದು ಉಗಿದರು. ಸಾಕಾಗಿ ಬಾಬು ಜಾನ್ ಅವರೇ ಫೋನು ಮಾಡಿದರು. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಕಷ್ಟವಾಯಿತು.

“ಎಲ್ಲಾರೂ ನನ್ನೇ ಇಡ್ಕಂಡವ್ರೆ ಅಂತಾರೆ, ಯಾರೂ ಕರ್ಯಾಕಿಲ್ಲ. ನನ್ ಸೋಮವಾರ ಯಾರ್ದಮ್ಮ, ಒಸಿ ಯೋಳು.”

ನೋಡಿ ಹೇಳುತ್ತೇನೆ ಎಂದೆ. ಅವತ್ತಿನ ಮಟ್ಟಿಗೆ ಅದು ಯಾರದೂ ಆಗಿರಲಿಲ್ಲ.

ಇಷ್ಟಾದ ಮೇಲೆ ಇನ್ನೇನು ಉಳಿಯಿತು, ಹೂ. ನಮಗೂ ಮರಿಸಿದ್ದಯ್ಯನವರಿಗೂ ಮನೆದೇವರು ಒಂದೇ, ಮಳವಳ್ಳಿ ದಾರಿಯ ತೋಪಿನಮ್ಮ. ಬೇರು ಒಂದೇ ಆದ ದಾಯಾದಿಗಳು, ನೆಂಟರಿಷ್ಟರೂ ಹೆಚ್ಚುಕಡಿಮೆ ಅವರೇ ಇವರು. ನಮ್ಮಜ್ಜಿ ಒಂದು ಸೋಮವಾರ ಹೋಗಿ ಕೂತರು. ಪೂಜಾರಿ ಮಹದೇವು ಹೂ ಅಂಟಿಸಿದ. ಬಲಗಡೆ ಬಿತ್ತು. ಅಜ್ಜಿ ಬಸ್ಸಿನ ಇಡೀ ದಾರಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಕಂಪ್ಯೂಟರಿನ ಮೇಲೆ ಇಟ್ಟರು. ಅದರ ಮುಂದಿನ ಸೋಮವಾರ ಮರಿಸಿದ್ದಯ್ಯ ಹೋಗಿ ಕೂತರು. ಅವರಿಗೂ ಬಲಗಡೆಯೇ ಬಿತ್ತು. ಅಲ್ಲಿಯ ತನಕ ಬರೀ ಹಟ ಇತ್ತು. ಈಗ ಎರಡೂ ಹಟದ ಬೆನ್ನಿಗೆ ಒಬ್ಬಳೇ ದೇವರು ನಿಂತಿದ್ದಳು. ಪೂರಿಗಾಲಿಯಲ್ಲಿ ಸಣ್ಣತಾಯಮ್ಮ ಸೀರೆ ತೆಗೆಯುವುದನ್ನು ನಿಲ್ಲಿಸಿದರು ಎಂದು ಶಶಿಧರ್ ಹೇಳಿದ. ಅವನು ನಗುತ್ತಲೇ ಹೇಳಿದ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಉಣ್ಣಲು ಕೂತೆ. ಕಗ್ಗಂಟನ್ನು ಹುಡುಕಿ ಒಬ್ಬರನ್ನು ಬಲಿಕೊಡುವ ಭಾಗವನ್ನು ನನ್ನ ಬೀಗಕ್ಕೂ ಬರೆಯತೊಡಗಿದೆ. ಯಾರನ್ನು ಬಲಿ ಕೊಡಬೇಕು ಎಂಬುದಕ್ಕೆ ಹಲವು ಸೂತ್ರಗಳಿವೆ. ಕೊನೆಗೆ ಬಂದವರನ್ನು ತೆಗೆಯಬಹುದು. ಚೀಟಿ ಎತ್ತಬಹುದು. ಆದರೆ ನಾನು ಬಳಸುವ ಡೇಟಾಬೇಸ್ ಮಾಡುವುದು ಬೇರೆ: ಇಬ್ಬರಲ್ಲಿ ಇದುವರೆಗೆ ಯಾರು ಕಡಿಮೆ ಕೆಲಸ ಮಾಡಿದ್ದಾರೋ ಅವರನ್ನು ಹಿಂದಕ್ಕೆ ಕಳಿಸುತ್ತದೆ, ಯಾಕೆಂದರೆ ಅಳಿಸಬೇಕಾದದ್ದು ಕಡಿಮೆ. ನ್ಯಾಯವಾದ ಸೂತ್ರ. ನಾನು ಅದನ್ನೇ ಆರಿಸಿಕೊಂಡೆ. ನ್ಯಾಯದ ಮೇಲಿನ ಪ್ರೀತಿಯಿಂದ ಮಾತ್ರ ಆರಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ. ಮರಿಸಿದ್ದಯ್ಯ ಎಳನೀರಿನ ಬುರುಡೆಯಲ್ಲೂ ಗಂಜಿ ಹುಡುಕುವ ಜಿಪುಣ ಎಂದು ಕೇಳಿದ್ದೆ. ಅಂಥವರು ಏನು ಕೆಲಸ ಮಾಡಿಸಿರುತ್ತಾರೆ?

ಓಡಿಸಿದೆ. ಪರದೆಯ ಮೇಲೆ ಬಂತು: ‘ಬಲಿ: ಜಯಪ್ರಕಾಶ್, ಬಸರಾಳು.’

ಎರಡು ಸಲ ಓದಿದೆ. ಆಮೇಲೆ ಮರಿಸಿದ್ದಯ್ಯನವರ ಸಾಲುಗಳನ್ನು ತೆಗೆದು ನೋಡಿದೆ. ಜಿಪುಣ ಶಾಮಿಯಾನ ಹಿಡಿದಿದ್ದರು, ವಾಲಗ ಹಿಡಿದಿದ್ದರು, ಹೂವಿನವರು, ಫೋಟೋದವರು, ನೆಂಟರನ್ನು ಕರೆತರುವ ಬಸ್ಸು, ಹೆಣ್ಣಿಗೆ ಸೀರೆ ಉಡಿಸುವವಳು, ಎಲೆ, ಐಸ್‌ಕ್ರೀಮು, ಎಲ್ಲವನ್ನೂ ಒಂದೊಂದಾಗಿ ಸೇರಿಸಿದ್ದರು. ಮಗಳ ಮದುವೆಗೆ ಮನಸ್ಸಿಟ್ಟು ಓಡಾಡಿದವರ ಪಟ್ಟಿ ಅದು. ನಮ್ಮ ಹೆಸರಿನ ಕೆಳಗೆ ಒಂದೇ ಒಂದು ಸಾಲು ಇತ್ತು, ಬಾಬು ಜಾನ್. ನನ್ನ ಮದುವೆಗೆಂದು ನಮ್ಮ ಮನೆಯವರು ಮಾಡಿದ ಒಟ್ಟು ಕೆಲಸ ಬಾಡೂಟಕ್ಕೊಂದು ಟವಲು ಹಾಕಿದ್ದು. ನನಗೆ ಅಳುವೂ ಬಂತು, ನಗುವೂ ಬಂತು.

ಸೂತ್ರ ಬದಲಾಯಿಸುವುದು ಒಂದು ಸಾಲಿನ ಕೆಲಸ. ‘ಕೊನೆಗೆ ಬಂದವರು’ ಎಂದು ಬರೆದರೆ ಸಾಕು, ಮರಿಸಿದ್ದಯ್ಯ ನಮ್ಮಪ್ಪನಿಗಿಂತ ಅರ್ಧ ಗಂಟೆ ತಡವಾಗಿ ಬಂದಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಆ ಸಾಲಿನ ಮೇಲೆ ಇಟ್ಟುಕೊಂಡು ಶಶಿಧರನಿಗೆ ಫೋನು ಮಾಡಿದೆ. ಅವನು ಗದ್ದೆಯಲ್ಲಿದ್ದ, ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು. ಎಲ್ಲವನ್ನೂ ಹೇಳಿದೆ.

“ಬದ್ಲಾಯಿಸ್ಬೋದಾ?” ಎಂದ.

“ಬದಲಾಯಿಸ್ಬೋದು.”

ಅವನು ಹೋಗಿ ಪಂಪು ನಿಲ್ಲಿಸಿ ಬಂದ.

“ನಂಗೂ ಬದ್ಲಾಯಿಸು ಅನ್ಬೇಕು ಅಂತ್ಲೇ ಆಸೆ ಕಣೆ. ಎರಡ್ ಸಲ ಮದ್ವೆ ತಪ್ಪೋಗದೆ. ಆದ್ರೆ ನಾಳೆ ನಂಗೂ ನಿಂಗೂ ಜಗ್ಳ ಬತ್ತದಲ್ಲ, ಆವಾಗ ರೂಲ್ಸು ಯಾರ್ದು? ನಿಂಗೆ ಯಾವಾಗ್ ಬೇಕೋ ಆವಾಗ ಬದ್ಲಾಯಿಸ್ತೀಯ ಅಂತ ನಂಗ್ ಗೊತ್ತಾಗೋಗಿರ್ತದೆ.”

ಹೀಗೆ ಮಾತಾಡುವ ಗಂಡನ್ನು ಕಳೆದುಕೊಳ್ಳುವ ಗುಂಡಿಯನ್ನು ನಾನೇ ಒತ್ತಬೇಕಾಗಿತ್ತು. ಒತ್ತಿದೆ. ನಮ್ಮ ಬೀಗ ಬಿಚ್ಚಿಕೊಂಡಿತು, ಮಳವಳ್ಳಿಯ ಬಾಬು ಜಾನ್ ವೈದ್ಯನಾಥಪುರದ ಮರಿಸಿದ್ದಯ್ಯನವರ ಪಾಲಾದರು, ಮರಿಸಿದ್ದಯ್ಯ ಅದೇ ಕ್ಷಣ ಸೇವ್ ಒತ್ತಿದರು. ಎಲ್ಲ ಚಕ್ರಗಳೂ ನಿಂತವು. ನಮ್ಮಪ್ಪನ ಹೆಸರಿನ ಮುಂದೆ ಏನೂ ಇರಲಿಲ್ಲ, ಮೊದಲಿಂದಲೂ ಏನೂ ಇರಲಿಲ್ಲ ಎಂಬಂತೆ.

ಮಾರನೆಯ ದಿನ ಬೆಳಗ್ಗೆ ಸಣ್ಣತಾಯಮ್ಮ ಪೂರಿಗಾಲಿಯಿಂದ ಮೂರು ಬಸ್ಸು ಬದಲಾಯಿಸಿ ಬಸರಾಳಿಗೆ ಬಂದರು. ಮಗ ಹೇಳಿಬಿಟ್ಟಿದ್ದ. ನೀರು ಕೊಟ್ಟರೆ ಕುಡಿಯಲಿಲ್ಲ, ಗೋಡೆಗೊರಗಿ ಕೂತು, ಹೋಗಲಿ ಬಿಡಿ, ಋಣ ಇರಲಿಲ್ಲ ಎಂದರು. ಹೋಗಲಿ ಬಿಡಿ ಎನ್ನಲು ಅಷ್ಟು ದೂರ ಬರುವವರಿಲ್ಲ, ಅದು ನನಗೆ ಗೊತ್ತಾಯಿತು. ಅಪ್ಪ ಆಫೀಸಿಗೆ ಹೊತ್ತಾಯಿತು ಎಂದು ಗಡಿಯಾರ ನೋಡಿದ. ಅಜ್ಜಿ ಮಾತ್ರ ನನ್ನನ್ನು ಹಿಡಿದುಕೊಂಡು ಬೈದರು. ಸಾಕ್ಷಾತ್ ತೋಪಿನಮ್ಮ ಬಲಗಡೆ ಕೊಟ್ಟದ್ದನ್ನು ಕಂಪ್ಯೂಟರ್ ಹತ್ತಿರ ಬಿಡಿಸಿಬಿಟ್ಟೆಯಲ್ಲ, ದೇವರ ಮಾತು ಸುಳ್ಳಾಯಿತಲ್ಲ ಎಂದು ಕಣ್ಣೀರು ಹಾಕಿದರು.

ನನ್ನ ಕೆಲಸದಲ್ಲಿ ಉತ್ತರ ಎಡವಟ್ಟಾದರೆ ಮೊದಲು ನೋಡುವುದು ಪ್ರಶ್ನೆಯನ್ನು. ಅಭ್ಯಾಸಬಲ, ಕೇಳಿಬಿಟ್ಟೆ.

“ಅಜ್ಜಿ, ನೀನು ಅಮ್ಮನ್ನ ಏನಂತ ಕೇಳ್ದೆ?”

“ಏನಂತ ಕೇಳ್ತಾರೆ? ಈ ಲಗ್ನದಲ್ಲಿ ನಮ್ ಉಡ್ಗಿ ಮದ್ವೆ ಆಯ್ತದಾ ತಾಯಿ ಅಂದೆ. ಕೊಟ್ಳು.”

“ಬಾಬು ಜಾನ್ ವಿಷ್ಯ?”

“ಅಮ್ಮುನ್ ಎದ್ರುಗೆ ಬಾಡಿನ್ ಮಾತಾಡ್ತಾರೇನೆ, ಅನಿಷ್ಟ.”

“ಮದ್ದೂರಿನ ಮಂಟಪ?”

“ಅವ್ಳಿಗ್ಯಾಕೆ ಮದ್ದೂರು?”

ಹೇಳಿದ ಮೇಲೆ ಅಜ್ಜಿ ತಾವೇ ಬಾಯಿ ತೆರೆದುಕೊಂಡು ಕೂತರು. ಮರಿಸಿದ್ದಯ್ಯನವರೂ ಅಷ್ಟೇ ಕೇಳಿರಬೇಕು, ಅವಳೂ ಅಷ್ಟಕ್ಕೇ ಕೊಟ್ಟಿರಬೇಕು. ದೇವಿ ಇಬ್ಬರಿಗೂ ಬಲಗಡೆ ಕೊಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದೇ ಭಾನುವಾರ ಎರಡು ಮದುವೆಯಾಗಲು ಎರಡು ತಾಳಿ ಸಾಕು. ಅವಳು ಕೊಟ್ಟದ್ದು ಮದುವೆಯೊಂದನ್ನು, ಜೊತೆಗೆ ಮಂಟಪ, ಶೆಡ್ಡು, ಬಾಬು ಜಾನ್ ಎಲ್ಲದಕ್ಕೂ ಬೀಗ ಹಾಕಿಕೊಂಡು ಕೂತವರು ನಾವು. ಬೇಕಾದಷ್ಟಕ್ಕೆ ಮಾತ್ರ ಬೀಗ ಹಾಕು ಎಂದು ನನ್ನ ಪುಸ್ತಕಗಳು ಮೊದಲ ಪುಟದಿಂದ ಬಡಿದುಕೊಳ್ಳುತ್ತವೆ. ಸಣ್ಣತಾಯಮ್ಮ ಗೋಡೆಯಿಂದ ಎದ್ದು ಸರಿಯಾಗಿ ಕೂತರು.

“ನಮ್ಮನೆ ಮುಂದ್ಗಡೆ ಬೇಕಾದಷ್ಟು ಜಾಗ ಅದೆ. ಒಂದ್ ಚಪ್ರ ಆಕುದ್ರೆ ಆಯ್ತು,” ಎಂದರು. ಆಮೇಲೆ ನೀರು ಕುಡಿದರು.

ಅಪ್ಪ ಕರೆಂಟು ಆಫೀಸಿನವರ ನೆಪ ತೆಗೆಯಲು ಬಾಯಿ ತೆರೆದ. ಅಜ್ಜಿ ಒಮ್ಮೆ ನೋಡಿದ್ದಕ್ಕೆ ಮುಚ್ಚಿದ. ಅಜ್ಜಿಗೆ ಮಾತ್ರ ಅಷ್ಟರಲ್ಲಿ ಇನ್ನೊಂದು ಹೊಳೆದಿತ್ತು. ಇದೇ ಪ್ರಶ್ನೆಯನ್ನು ನಾನು ಹಿಂದಿನ ದಿನ ಕೇಳಿದ್ದರೆ ಮಂಟಪದ ಆಸೆ ಬಿಟ್ಟು, ಬಾಬು ಜಾನ್ ಅವರನ್ನು ಪೂರಿಗಾಲಿಗೆ ಕರೆದೊಯ್ಯಬಹುದಾಗಿತ್ತು. ಇಷ್ಟು ಓದಿಸಿದ್ದಕ್ಕೆ ಇದಾ ಫಲ ಎಂದು ಕೇಳಿದರು.

ಭಾನುವಾರ ಪೂರಿಗಾಲಿಯಲ್ಲಿ ತೆಂಗಿನ ಗರಿಯ ಚಪ್ಪರದ ಕೆಳಗೆ ಶಶಿಧರ್ ನನಗೆ ತಾಳಿ ಕಟ್ಟಿದ. ಗಂಟು ಹಾಕಲು ಹೊತ್ತು ಹಿಡಿಯಿತು. ಹಿಂದೆ ನಿಂತಿದ್ದ ಸಣ್ಣತಾಯಮ್ಮ, ಮೂರು ಗಂಟೂ ಬಿದ್ದವಾ ಎಂದು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಅಕ್ಕಿ ಹಾಕಿದರು. ಸಂಜೆ ಹೊತ್ತಿಗೆ ಮರಿಸಿದ್ದಯ್ಯ ಬಂದರು. ಮಗಳ ಧಾರೆ ಮುಗಿಸಿ, ಮೈಮೇಲಿನ ರೇಷ್ಮೆ ಪಂಚೆಯಲ್ಲೇ ಬಂದಿದ್ದರು. ನಮ್ಮಪ್ಪನ ಮುಖ ನೋಡಲಾರದೆ ಚಪ್ಪರದ ಗರಿ ನೋಡುತ್ತಾ, ನಾಳೆ ಬೀಗರೂಟಕ್ಕೆ ಎಲ್ಲರೂ ಬರಬೇಕು, ದಾಯಾದಿಗಳು ಬರದಿದ್ದರೆ ತನಗೆ ಅನ್ನ ಇಳಿಯುವುದಿಲ್ಲ ಎಂದರು. ಅಪ್ಪ ಬಿಗಿದುಕೊಂಡು ಏನೋ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನ ಗಂಟಲು ಸರಿಹೋಗುವಷ್ಟರಲ್ಲಿ ನಮ್ಮಜ್ಜಿ, ಎಷ್ಟು ಗಂಟೆಗೆ ಎಂದು ಕೇಳಿಯಾಗಿತ್ತು. ಹೇಗೂ ನಮ್ಮ ನೆಂಟರೆಲ್ಲ ಅಲ್ಲಿಗೇ ಹೋಗುವವರಿದ್ದರು. ಮಂಟಪಕ್ಕೆ ಬೀಗ ಹಾಕಿದೆವು, ಅಡುಗೆಯವರಿಗೆ ಹಾಕಿದೆವು, ನೆಂಟರಿಗೆ ಹಾಕುವ ಬೀಗ ಇನ್ನೂ ಯಾರೂ ಬರೆದಿಲ್ಲ. ನಮ್ಮ ಬೀಗರೂಟ ಸಂಜೆಗೆ ಎಂದು ಸಣ್ಣತಾಯಮ್ಮ ನಾಟಿ ಕೋಳಿಗಳಿಗೆ ಅರ್ಧ ದಿನದ ಆಯುಸ್ಸು ಕೊಟ್ಟರು.

ಸೋಮವಾರ ಮದ್ದೂರಿನ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಣ್ಣುವವರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರ ಕುರ್ಚಿಯ ಬೆನ್ನು ಹಿಡಿದು ಒಬ್ಬೊಬ್ಬರು ನಿಂತಿದ್ದರು. ನಮ್ಮ ಕಡೆಯ ಬೀಗರೂಟದಲ್ಲಿ ಇದೇ ಪದ್ಧತಿ. ಉಣ್ಣುವವನು ಎದ್ದ ಕ್ಷಣ ಹಿಂದಿನವನು ಕೂರುತ್ತಾನೆ, ಎಲೆ ಬದಲಾಗುವ ಮೊದಲೇ ಇನ್ನೊಬ್ಬ ಅವನ ಬೆನ್ನು ಹಿಡಿಯುತ್ತಾನೆ. ನನ್ನ ಸಾಫ್ಟ್‌ವೇರಿಗಿಂತ ಹಳೆಯದು. ನನಗೆ ಸಿಕ್ಕಿದ ಕುರ್ಚಿಯಲ್ಲಿ ರಾಜೇಂದ್ರಣ್ಣ ಕೂತಿದ್ದ, ನಲ್ಲಿ ಮೂಳೆಯೊಂದನ್ನು ಹಿಡಿದು ಲೋಕ ಮರೆತಿದ್ದ. ಬೇಗ ಏಳಣ್ಣ ಎಂದು ಬಗ್ಗಿ ಹೇಳಿದೆ. ಹತ್ತು ನಿಮಿಷದಲ್ಲಿ ಯಾವ ಬೀಗರೂಟ ಮುಗಿಯುತ್ತದವ್ವ ಎಂದ, ತಿರುಗಿ ನೋಡದೆ. ಗಡುವು ತೆಗೆಸಿದ ಮಹಾನುಭಾವನ ಬೆನ್ನ ಹಿಂದೆ ನಾನು ಅರಿಶಿನದ ಕೈಯಲ್ಲಿ ಕುರ್ಚಿ ಹಿಡಿದು ಕಾದೆ.

ಕೊನೆಗೆ ಅವನು ಎದ್ದ. ಕುರ್ಚಿಯ ಮೇಲೆ ಕೈಯಿಟ್ಟು ಶಶಿಧರನನ್ನು ಹುಡುಕಿದೆ. ಎದುರು ಸಾಲಿನಲ್ಲಿ ಅವನಿಗೂ ಅದೇ ಹೊತ್ತಿಗೆ ಕುರ್ಚಿ ಸಿಕ್ಕಿತ್ತು. ಅವನೂ ಅದರ ಮೇಲೆ ಕೈಯಿಟ್ಟು ನನ್ನನ್ನು ಕರೆಯುತ್ತಿದ್ದ. ನೀನು ಬಾ ಎಂದು ನಾನು ಕೈ ಬೀಸಿದೆ. ನೀನೇ ಬಾ ಎಂದು ಅವನು ಬೀಸಿದ. ಮದುವೆಯಾಗಿ ಎರಡನೇ ದಿನ ಬೇರೆ ಬೇರೆ ಸಾಲಿನಲ್ಲಿ ಕೂತು ಉಣ್ಣಲು ನನಗೆ ಮನಸ್ಸಿರಲಿಲ್ಲ, ಹಿಡಿದ ಜಾಗ ಬಿಡಲೂ ಮನಸ್ಸಿರಲಿಲ್ಲ. ನನ್ನ ಹಿಂದಿನವರು ಕೂರಿ ಇಲ್ಲ ಬಿಡಿ ಎಂದು ಗೊಣಗಿದರು. ಯಾರು ಕಡಿಮೆ ಹೊತ್ತು ಕಾದಿದ್ದಾರೆ, ಯಾರು ಬಿಡಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವನು ಲೆಕ್ಕ ಹಾಕಲಿಲ್ಲ. ಕುರ್ಚಿ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ನನ್ನ ಕಡೆ ಬಂದ. ಅವನು ಬಿಟ್ಟ ಕುರ್ಚಿಯಲ್ಲಿ, ಎಲ್ಲಿದ್ದರೋ ಏನೋ, ನಮ್ಮಜ್ಜಿ ಕೂತಾಗಿತ್ತು.

ನಾನು ಕುರ್ಚಿಯಲ್ಲಿ ಅರ್ಧಕ್ಕೆ ಸರಿದೆ. ಅವನು ಉಳಿದರ್ಧದಲ್ಲಿ ಕೂತ. ಒಂದೇ ಎಲೆಗೆ ನಾಲ್ಕು ಕೈ ಎಂದು ಯಾರೋ ನಕ್ಕರು. ಒಂದೇ ಸಾಲನ್ನು ಇಬ್ಬರು ಹೀಗೆ ಒಟ್ಟಿಗೆ ಹಿಡಿದುಕೊಳ್ಳಲು ನಾನು ಬರೆದದ್ದು ಬಿಡುತ್ತಿರಲಿಲ್ಲ. ಮುದ್ದೆ ಬಿತ್ತು. ಸಾರಿನ ಬಕೆಟ್ಟು ಹಿಡಿದು ಬಾಬು ಜಾನ್ ಅವರೇ ಬಂದರು. ನನ್ನ ಗುರುತು ಹತ್ತಿ, ಸೌಟನ್ನು ಎಲೆಯ ಮೇಲೆ ಅರ್ಧದಲ್ಲೇ ಹಿಡಿದು ನಿಂತರು.

“ಕೊನೇಗಾದ್ರೂ ಯೋಳಮ್ಮ, ನನ್ ಸೋಮವಾರ ಯಾರ್ದಾಯ್ತು?”

ನನ್ನ ಬಾಯಲ್ಲಿ ಮುದ್ದೆ ಇತ್ತು. ಶಶಿಧರ್ ಹಿಂದಕ್ಕೊಮ್ಮೆ ನೋಡಿದ. ನಮ್ಮ ಕುರ್ಚಿಯ ಬೆನ್ನು ಹಿಡಿದು ಯಾರದೋ ಮನೆಯ ಮುದುಕಿಯೊಬ್ಬರು ನಿಂತಿದ್ದರು.

“ಬಡ್ಸಿ ಸಾಬ್ರೆ,” ಎಂದ. “ಇಂದ್ಗಡೆ ಕಾಯ್ತಾವ್ರೆ.”